ರೇಖಾಗಣಿತದ ಸಾಫ್ಟ್‌ವೇರ್: ಕ್ಲಾಸಿಗೆ ಒಯ್ಯುವ ಮುಂಚೆ ಎಳೆದು ನೋಡಿ

ವೃತ್ತದ ಪಾಠ ಬಂದಾಗ ಬಾಗೇಪಲ್ಲಿ ಕಡೆಯ ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಕೇಳುತ್ತಾರೆ, "ಮಿಸ್, ಈ ಚಿತ್ರಕ್ಕೆ ಸರಿ, ಬೇರೆ ಚಿತ್ರಕ್ಕೂ ಹೀಗೇನಾ?" ಕೈವಾರ ಹಿಡಿದು ಬೋರ್ಡಿನ ಮೇಲೆ ಹತ್ತು ಚಿತ್ರ ಬರೆಯಲು ಪೀರಿಯಡ್ ಸಾಲುವುದಿಲ್ಲ. ಸಾಫ್ಟ್‌ವೇರ್ ಬೇಕಾಗುವುದು ಇಲ್ಲೇ.

ಮೊದಲು ಒಂದು ಪ್ರಮೇಯ ಆರಿಸಿಕೊಳ್ಳಿ. ಮೆನು ನೋಡುತ್ತಾ ಕೂತರೆ ದಿನ ಹೋಗುತ್ತದೆ. ನಾನು ಹಿಡಿಯುವುದು ಅರ್ಧವೃತ್ತದಲ್ಲಿನ ಕೋನ 90 ಡಿಗ್ರಿ ಎಂಬ ಪ್ರಮೇಯ.

ಆಮೇಲೆ ಇಂಟರ್‌ನೆಟ್ ಆಫ್ ಮಾಡಿ ಸಾಫ್ಟ್‌ವೇರ್ ಓಡಿಸಿ. ನಮ್ಮ ಲ್ಯಾಬಿನಲ್ಲಿ ನೆಟ್ ನಂಬಿ ಪಾಠ ಮಾಡಲು ಆಗುವುದಿಲ್ಲ. ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್ ಬೇಡ, ಪಾಠಕ್ಕೆ ಬಳಸಲು ದುಡ್ಡೂ ಬೇಡ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಇದನ್ನು ಶುರು ಮಾಡಿದರು.

ಈಗ ಮುಖ್ಯ ಪರೀಕ್ಷೆ. ಎಬಿ ವ್ಯಾಸ ಇರುವ ವೃತ್ತ ಬರೆಯಿರಿ. ವೃತ್ತದ ಮೇಲೆ ಸಿ ಬಿಂದು ಇಟ್ಟು, ಅಲ್ಲಿಯ ಕೋನ ಅಳೆಯಿರಿ. 90 ಬಂತು ಅಂತ ನಿಲ್ಲಿಸಬೇಡಿ. ಸಿ ಹಿಡಿದು ಎಳೆಯಿರಿ. ಅದು ವೃತ್ತಕ್ಕೆ ಅಂಟಿಕೊಂಡೇ ಸರಿದು, ಕೋನ 90ರಲ್ಲೇ ನಿಂತರೆ ರಚನೆ ಸರಿಯಾಗಿದೆ. ವೃತ್ತ ಬಿಟ್ಟು ಆಚೆ ಬಂತಾ? ಹಾಗಾದರೆ ಅದು ಕಣ್ಣಂದಾಜಿನ ಚಿತ್ರ ಅಷ್ಟೇ. ಬಿಂದುವನ್ನು ವೃತ್ತಕ್ಕೆ ಕಟ್ಟಿಹಾಕುವುದು ಸುಲಭವೇ, ಕಟ್ಟಿದ್ದು ಕಾಣುತ್ತದೆಯೇ ನೋಡಿ. ನಾನಂತೂ ಅಂಟದ ಚಿತ್ರವನ್ನೂ ಬೇಕೆಂದೇ ತೋರಿಸುತ್ತೇನೆ. ಸಿ ಒಳಗೆ ಹೋದರೆ ಕೋನ 90 ದಾಟುತ್ತದೆ, ಹೊರಗೆ ಬಂದರೆ ಇಳಿಯುತ್ತದೆ. ವೃತ್ತದ ಮೇಲೇ ಯಾಕೆ 90 ಎಂಬ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುತ್ತದೆ. ಸಾಧನೆ, ಅಂದರೆ ಪ್ರಮೇಯ ಯಾಕೆ ಸರಿ ಎಂದು ತರ್ಕದಿಂದ ತೋರಿಸುವುದನ್ನು, ಬರೆಸುವುದು ಆಗ. ಎಷ್ಟು ಎಳೆದರೂ ಅದು ಸಾಧನೆ ಆಗುವುದಿಲ್ಲ, ಅಲ್ವಾ?

ಅಳತೆಯನ್ನೂ ಪರೀಕ್ಷಿಸಿ. ಒಮ್ಮೆ ತ್ರಿಭುಜದ ಕೋನಗಳು 50.34, 60.34, 69.33 ಎಂದು ತೋರಿಸಿದವು. ಹುಡುಗಿಯೊಬ್ಬಳು ಕೂಡಿಸಿ, "ಮಿಸ್, 180.01 ಬಂತು" ಅಂದಳು. ಪ್ರಮೇಯ ತಪ್ಪಿರಲಿಲ್ಲ, ದಶಮಾಂಶವನ್ನು ಎರಡು ಸ್ಥಾನಕ್ಕೆ ಸರಿಹೊಂದಿಸಿದ್ದರಿಂದ ಹಾಗಾಗಿತ್ತು. ಮೂರು ಸ್ಥಾನಕ್ಕೆ ಬದಲಿಸಿದೆ: 50.336, 60.336, 69.328. ಕೂಡಿಸಿದಳು, ಸರಿಯಾಗಿ 180. ಸ್ಥಾನ ಬದಲಿಸಲು ಬಿಡದ ಸಾಫ್ಟ್‌ವೇರ್ ನನಗೆ ಬೇಡ.

ಕೊನೇ ಬೆಂಚಿಗೆ ಹೋಗಿ ಕೂತು ಪ್ರೊಜೆಕ್ಟರ್ ನೋಡಿ. ಅಕ್ಷರ, ಬಿಂದು ದೊಡ್ಡದಾಗುತ್ತವಾ? ತೆಳು ಹಳದಿ ಗೆರೆ ನಮ್ಮ ಗೋಡೆ ಮೇಲೆ ಕಾಣುವುದೇ ಇಲ್ಲ.

ಇನ್ನು ಭಾಷೆ. ನಮ್ಮ ಬಹಳಷ್ಟು ಮಕ್ಕಳಿಗೆ ಮನೆಯಲ್ಲಿ ತೆಲುಗು, ಕ್ಲಾಸಲ್ಲಿ ಕನ್ನಡ. ಮೆನು ಇಂಗ್ಲಿಷ್ ಆದರೆ ಮೂರನೇ ಭಾಷೆ ಹೊರಬೇಕು. ಹಾಗಾಗಿ ಬೇಕಾದ ಏಳೆಂಟು ಬಟನ್‌ಗಳ ಚಿತ್ರ ಬರೆದು, ಪಕ್ಕದಲ್ಲಿ ಪಠ್ಯಪುಸ್ತಕದ ಪದವನ್ನೇ ಹಾಕಿ ಗೋಡೆಗೆ ಅಂಟಿಸಿದ್ದೇನೆ: ಮಧ್ಯಬಿಂದು, ಕೋನಾರ್ಧಕ, ಲಂಬಾರ್ಧಕ.

ಕೊನೆಗೆ, ಕಂಪ್ಯೂಟರ್ ಜಾಸ್ತಿ ಮುಟ್ಟದ ಒಬ್ಬ ಹುಡುಗ ಅಥವಾ ಹುಡುಗಿಯ ಕೈಗೆ ಮೌಸ್ ಕೊಡಿ. ಏನೂ ಹೇಳದೆ ಹತ್ತು ನಿಮಿಷ ಪಕ್ಕದಲ್ಲಿ ಕೂತಿರಿ. ಎಲ್ಲಿ ಕೈ ನಿಲ್ಲುತ್ತದೋ ಬರೆದುಕೊಳ್ಳಿ. ತಪ್ಪಾದಾಗ ಹಿಂದಕ್ಕೆ ಹೋಗುವ ಬಟನ್ ತಾನಾಗಿ ಸಿಕ್ಕಿದರೆ, ಮಾರನೇ ದಿನವೇ ಕ್ಲಾಸಿಗೆ ತನ್ನಿ.