ಪಕ್ಕದ ಮನೆಯ ಗುಂಡ್ಯಾ ಮತ್ತು ಹತ್ತು ಮನೆಯ ಕುಂಟಾಬಿಲ್ಲೆ

"ಏನೂ ಮಾಡುವುದಿಲ್ಲ, ಬಾ." ಈ ಮಾತನ್ನು ಮಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆರು ವರ್ಷದ ಅವಳಿಗೆ ಗುಂಡ್ಯಾ ಏನು ಮಾಡುತ್ತಾನೆಂಬುದು ಕಣ್ಣೆದುರಿಗೇ ಕಾಣುತ್ತಿತ್ತು. ನಮ್ಮ ಗೇಟಿನ ಚಿಲಕ ಸಪ್ಪಳವಾದರೆ ಸಾಕು, ಓಡಿಬಂದು ನಾಲ್ಕಡಿ ಗೋಡೆಯ ಮೇಲೆ ಮುಂಗಾಲು ಊರಿ ನಿಲ್ಲುತ್ತಿದ್ದ. ಅವನ ಬಾಯಿ ಅವಳ ತಲೆಗಿಂತ ಮೇಲೆ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆ. ಪಕ್ಕದಲ್ಲಿ ಕಾಕಾ, ಕಾಕು ಇಬ್ಬರೇ. ಪುಣೆಗೆ ಹೋದ ಮಗ ತಾನು ಸಾಕಿದ ಹತ್ತು ತಿಂಗಳ ಮುಧೋಳ ನಾಯಿಯನ್ನು ಅವರಲ್ಲಿ ಬಿಟ್ಟುಹೋಗಿದ್ದ. ಸಿಟ್ಟಿನ ನಾಯಿಯಲ್ಲ, ಹುರುಪು ಹೆಚ್ಚಾದ ನಾಯಿ. ಮುಧೋಳ ತಳಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂಥದು. ಎದುರಿಗೆ ಓಡಿದ್ದನ್ನು ಬೆನ್ನಟ್ಟಲೇಬೇಕು. ನನ್ನ ಮಗಳು ಅವನನ್ನು ಕಂಡೊಡನೆ ಚೀರಿ ಓಡುತ್ತಿದ್ದಳು. ಅವನಿಗೆ ಅದಕ್ಕಿಂತ ಒಳ್ಳೆಯ ಆಟ ಬೇಕೇ?

ನಾನು ಅವಳನ್ನು ಗಬಕ್ಕನೆ ಎತ್ತಿಕೊಳ್ಳುತ್ತಿದ್ದೆ. ಅದು ಇನ್ನೂ ದೊಡ್ಡ ತಪ್ಪು. ಮೇಲೆ ಹೋದದ್ದು ಏನೆಂದು ನೋಡಲು ಅವನೂ ಮೇಲಕ್ಕೆ ಜಿಗಿಯುತ್ತಿದ್ದ.

ಒಂದು ದಿನ ಸಿಟ್ಟಿನಲ್ಲಿ ಹೋಗಿ, "ಕಾಕಾ, ನಿಮ್ಮ ನಾಯಿಯನ್ನು ಕಟ್ಟಿಹಾಕಿರಿ" ಎಂದು ಹೇಳಿಬಂದೆ. ಪಾಪ, ಅವರು ದಿನವಿಡೀ ಸರಪಳಿ ಹಾಕಿ ಕಟ್ಟಿದರು. ಸಂಜೆ ಬಿಚ್ಚಿದರೆ ಕೂಡಿಟ್ಟ ಹುರುಪೆಲ್ಲ ಒಮ್ಮೆಗೇ ಹೊರಬರುತ್ತಿತ್ತು. ಹಾಗೆ ಬಿಚ್ಚಿದ ಒಂದು ಸಂಜೆಯೇ ಗೋಡೆ ಹಾರಿ ಬಂದ. ಉಗುರು ತಾಗಿ ಮಗಳ ಮೀನಖಂಡದ ಮೇಲೆ ಗೀರು ಬಿತ್ತು. ನಲ್ಲಿಯ ಕೆಳಗೆ ಕಾಲಿಟ್ಟು ಹದಿನೈದು ನಿಮಿಷ ಸಾಬೂನಿನಿಂದ ತೊಳೆದು ಆಸ್ಪತ್ರೆಗೆ ಹೋದೆವು. ಕಾಕು ಅಳುತ್ತಾ ಗುಂಡ್ಯಾನ ಲಸಿಕೆ ಪುಸ್ತಕ ಹಿಡಿದು ಹಿಂದೆಯೇ ಬಂದರು. ಅವನಿಗೆ ರೇಬಿಸ್ ಲಸಿಕೆ ಆಗಿತ್ತು. ಆದರೂ ವೈದ್ಯರು ಮಗಳಿಗೆ ಚುಚ್ಚುಮದ್ದು ಬಿಡಲಿಲ್ಲ: ಅಂದು, ಆಮೇಲೆ 3ನೇ, 7ನೇ, 28ನೇ ದಿನ.

ಆ ರಾತ್ರಿ ಚಹಾ ಕುಡಿಯುತ್ತಾ ಕುಳಿತಾಗ ಜಗಳದ ದನಿ ಯಾರಲ್ಲೂ ಇರಲಿಲ್ಲ. ಕಾಕಾ ಅವರಿಗೆ ಮೊಣಕಾಲು ನೋವು, ಅವನನ್ನು ಓಡಿಸಲಾರರು. ನನ್ನ ಯಜಮಾನರು ದಿನಾ ಬೆಳಗಿನ ಐದೂವರೆಗೆ ಬೆಲ್ಟು ಹಿಡಿದು ಕರ್ನಾಟಕ ಕಾಲೇಜಿನ ಮೈದಾನದ ಕಡೆ ಅವನನ್ನು ಓಡಿಸತೊಡಗಿದರು. (ಹೊಟ್ಟೆ ಇಳಿದದ್ದು ಯಜಮಾನರದು.) ವಾರ ಕಳೆಯುವಷ್ಟರಲ್ಲಿ ಗೋಡೆ ಹಾರುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ಮಗಳ ಪಾಠ ಮನೆಯೊಳಗೆ ನಡೆಯಿತು. ನಾಯಿ ಓಡಿಬಂದರೆ ಮರವಾಗಬೇಕು: ಕಾಲು ಕದಲಿಸಬಾರದು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕು, ಕಣ್ಣು ತನ್ನ ಕಾಲ್ಬೆರಳ ಮೇಲೆ, ಬಾಯಿ ಮುಚ್ಚಿರಬೇಕು. ನಾಯಿ ನಾನೇ. ಪಡಸಾಲೆಯಲ್ಲಿ ನಾಲ್ಕು ಕಾಲಿನ ಮೇಲೆ ಓಡಿ ಅವಳ ಸುತ್ತ ಮೂಸುತ್ತಾ ತಿರುಗುತ್ತಿದ್ದೆ. ನಕ್ಕರೆ ಅವಳು ಸೋತಂತೆ. ನಾಲ್ಕು ದಿನ ಸೋತಳು, ಐದನೆಯ ದಿನ ನಾನೇ ಸುಸ್ತಾದೆ.

ಆಮೇಲೆ ಅಂಗಳದಲ್ಲಿ ಸೀಮೆಸುಣ್ಣದಿಂದ ಮೆಟ್ಟಿಲಿನಿಂದ ಗೇಟಿನವರೆಗೆ ಕುಂಟಾಬಿಲ್ಲೆಯ ಹತ್ತು ಮನೆ ಬರೆದೆ. ಸಂಜೆ ಕಾಕು ಗೇಟಿನ ಆಚೆ ಗುಂಡ್ಯಾನ ಬೆಲ್ಟು ಹಿಡಿದು ಅವನನ್ನು ಕೂರಿಸಿಕೊಂಡಿರಬೇಕು. ಎಷ್ಟನೆಯ ಮನೆಯವರೆಗೆ ಹೋಗುವುದು ಎಂಬುದು ಮಗಳ ಇಷ್ಟ. ಅವಳು ನಿಂತಲ್ಲಿಂದ "ಇನ್ನೊಂದು ಮನೆ" ಎಂದು ನಾನು ಅನ್ನಬಾರದು. ಇದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ನಾಲಿಗೆ ಕಚ್ಚಿಕೊಂಡು ನಿಲ್ಲುತ್ತಿದ್ದೆ. ಮೊದಲ ದಿನ ಎರಡನೆಯ ಮನೆ. ಒಂದು ವಾರ ಎರಡನೆಯ ಮನೆಯೇ. ಗುಂಡ್ಯಾ ಎದ್ದು ಬೊಗಳಿದ ದಿನ ಮೆಟ್ಟಿಲ ಮೇಲೆಯೇ ಕುಳಿತಳು. ಸರಿ, ಅಂದಿನ ಆಟ ಅಷ್ಟಕ್ಕೇ ಮುಗಿಯಿತು. ಐದು ನಿಮಿಷಕ್ಕಿಂತ ಹೆಚ್ಚು ನಡೆಸಿದ್ದೇ ಇಲ್ಲ.

ಏಳನೆಯ ಮನೆ ಮುಟ್ಟಿದ ಮೇಲೆ ಕಟಕ ರೊಟ್ಟಿಯ ಚೂರು ಎಸೆಯುವುದು ಶುರುವಾಯಿತು. ಕಾಕು ಹಾಕಿದ ಷರತ್ತು ಒಂದೇ, ಅವನ ಕುಂಡಿ ನೆಲಕ್ಕೆ ಹತ್ತಿದರೆ ಮಾತ್ರ ರೊಟ್ಟಿ. ಜಿಗಿಯುವವನಿಗೆ ಕೊಟ್ಟರೆ ಜಿಗಿಯುವುದನ್ನೇ ಕಲಿಸಿದಂತೆ. ಉಳ್ಳಾಗಡ್ಡಿ ಸೋಕಿದ ರೊಟ್ಟಿಯನ್ನು ಮಾತ್ರ ಕೊಡುವುದಿಲ್ಲ, ಅದು ನಾಯಿಗಳಿಗೆ ವಿಷ.

ಕಳೆದ ತಿಂಗಳು ಗೇಟು ತೆರೆದೇ ಇತ್ತು, ಅವನು ಒಳಗೆ ನುಗ್ಗಿದ. ನಾನು ಅಡುಗೆಮನೆಯ ಕಿಟಕಿಯಿಂದ ಕಂಡೆ, ಕೂಗಲು ಬಾಯಿ ಬರಲಿಲ್ಲ. ಮಗಳು ಕೈಕಟ್ಟಿ ಮರವಾದಳು. ಲಂಗದ ಅಂಚು ನಡುಗುತ್ತಿತ್ತು. ಅವನು ಎರಡು ಸುತ್ತು ಮೂಸಿದ, ಅವಳ ಚಪ್ಪಲಿ ನೆಕ್ಕಿದ, ಬೇಸರವಾಗಿ ತುಳಸಿಕಟ್ಟೆಯ ಕಡೆ ಹೋದ. ಆಮೇಲೆ ಅವಳು ನನ್ನ ಸೀರೆಯಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಅತ್ತಳು. ಮರುದಿನ ಮತ್ತೆ ನಾಲ್ಕನೆಯ ಮನೆಗೆ ಇಳಿದಳು.

ಈಗ ಒಂಬತ್ತನೆಯ ಮನೆ. ಇನ್ನೂ ಅವನನ್ನು ಮುಟ್ಟಿಲ್ಲ. "ಮುಟ್ಟುತ್ತೀಯೇನವ್ವಾ?" ಎಂದು ಕಾಕು ದಿನವೂ ಕೇಳುತ್ತಾರೆ.

"ನಾಳೆ, ಕಾಕು" ಎಂದು ದಿನವೂ ಹೇಳುತ್ತಾಳೆ.