ಅರವತ್ತರ ಮೇಲೆ ಕಾಲೇಜು ಗೆಳತಿಯರ ಜೊತೆ ಸಣ್ಣ ವ್ಯಾಪಾರ: ಹೇಗೆ ಶುರು ಮಾಡಬೇಕು

ಹಳೇ ಗೆಳತಿಯರನ್ನು ಹುಡುಕುವುದು ಹಳೇ ಗೆಳೆಯರನ್ನು ಹುಡುಕಿದಷ್ಟು ಸುಲಭ ಅಲ್ಲ. ಗಂಡಸರ ಹೆಸರು, ಅಡ್ಡಹೆಸರು ಇದ್ದ ಹಾಗೇ ಇರುತ್ತದೆ. ನಮ್ಮದು ಮದುವೆಯಾದ ದಿನವೇ ಬದಲಾಗುತ್ತದೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಇಟ್ಟ ಹೆಸರನ್ನೂ ಬದಲಿಸಿಬಿಡುತ್ತಿದ್ದರು. ನಾನು 1981ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿಎ ಮುಗಿಸಿದವಳು. ಆ ಕಾಲೇಜಿಗೆ ನಾವೆಲ್ಲ ಕೆಸಿಡಿ ಎನ್ನುವುದೇ ರೂಢಿ. ಆಮೇಲೆ ಬ್ಯಾಂಕ್ ನೌಕರಿ, ವರ್ಗಾವಣೆ, ಸಂಸಾರ. 2020ರಲ್ಲಿ ನಿವೃತ್ತಿಯಾಯಿತು. ಈಗ ನಾವು ನಾಲ್ವರು ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ನಿಮಗೂ ಇಂಥ ಆಸೆ ಇದ್ದರೆ ನಮ್ಮ ಅನುಭವ ಕೆಲಸಕ್ಕೆ ಬರಬಹುದು.

ಹುಡುಕುವುದನ್ನು ತವರಿನಿಂದ ಶುರು ಮಾಡಿ. ಫೇಸ್‌ಬುಕ್‌ನಲ್ಲಿ ತವರಿನ ಹೆಸರು ಹಾಕಿ ಹುಡುಕಿದರೆ ಯಾರೂ ಸಿಗುವುದಿಲ್ಲ. ಆದರೆ ಅವಳ ಅಣ್ಣನೋ ತಮ್ಮನೋ ಇನ್ನೂ ಅದೇ ಊರಲ್ಲಿ ಇರುತ್ತಾನೆ. ಗದಗಿನ ಗೆಳತಿ ನನಗೆ ಸಿಕ್ಕಿದ್ದು ಅವಳ ತಮ್ಮನ ಗೊಬ್ಬರದ ಅಂಗಡಿಯ ಬೋರ್ಡಿನ ಮೇಲಿದ್ದ ನಂಬರಿನಿಂದ. ಹಳೇ ಆಟೋಗ್ರಾಫ್ ಪುಸ್ತಕ, ಮದುವೆ ಕರೆಯೋಲೆ ಇದ್ದರೆ ತೆಗೆದು ನೋಡಿ. ಊರು, ಓಣಿ ಅದರಲ್ಲಿ ಬರೆದಿರುತ್ತದೆ.

ನಂಬರು ಸಿಕ್ಕ ತಕ್ಷಣ ಫೋನ್ ಮಾಡಬೇಡಿ. ಮೋಸದ ಕರೆಗಳ ಹೆದರಿಕೆಗೆ ನಮ್ಮ ವಯಸ್ಸಿನವರು ಗೊತ್ತಿಲ್ಲದ ನಂಬರ್ ಎತ್ತುವುದಿಲ್ಲ. ಮೊದಲು ಒಂದು ಹಳೇ ಗ್ರೂಪ್ ಫೋಟೊ ಕಳಿಸಿ, ಕೆಳಗೆ ನಿಮ್ಮ ತವರಿನ ಹೆಸರು, ಕಾಲೇಜು, ವರ್ಷ ಬರೆಯಿರಿ. ಮಾತಿಗೆ ಸಿಕ್ಕಾಗ "ಯಜಮಾನರು ಹೇಗಿದ್ದಾರೆ, ಮಕ್ಕಳು ಎಲ್ಲಿದ್ದಾರೆ" ಅಂತ ಶುರು ಮಾಡಬೇಡಿ. ಈ ವಯಸ್ಸಿಗೆ ಎಷ್ಟೋ ಜನ ಗಂಡನನ್ನು ಕಳೆದುಕೊಂಡಿರುತ್ತಾರೆ. ಕೆಲವರ ಮಕ್ಕಳು ಮಾತು ಬಿಟ್ಟಿರುತ್ತಾರೆ. "ನೀನು ಹೇಗಿದ್ದೀಯೇ?" ಅಂತ ಕೇಳಿದರೆ ಸಾಕು. ಉಳಿದದ್ದನ್ನು ಹೇಳಬೇಕು ಅನ್ನಿಸಿದಾಗ ಅವಳೇ ಹೇಳುತ್ತಾಳೆ.

ವಾಟ್ಸಾಪ್ ಗ್ರೂಪ್ ಮಾಡುವುದು ಸುಲಭ, ಅದರಲ್ಲಿ ಮಾತು ಉಳಿಯುವುದು ಕಷ್ಟ. ರಾಜಕೀಯ ಬೇಡ, ಫಾರ್ವರ್ಡ್ ಬೇಡ ಎಂದು ಮೊದಲ ದಿನವೇ ಹೇಳಿಬಿಡಿ. ಪ್ರತಿಯೊಬ್ಬರ ಮನೆಯವರಲ್ಲಿ ಒಬ್ಬರ ನಂಬರನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಒಬ್ಬಳು ವಾರಗಟ್ಟಲೆ ಉತ್ತರ ಕೊಡದಿದ್ದರೆ ಯಾರಿಗೆ ಕೇಳಬೇಕು ಅನ್ನುವುದು ಗೊತ್ತಿರಬೇಕು. ತಿಂಗಳಿಗೆ ಒಂದು ಸಲ ಮುಖ ನೋಡಿ ಮಾತಾಡಿ. ಉಚಿತ ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಒಂದು ಗಂಟೆಗೆ ಮುಗಿಯುತ್ತದೆ. ಅಷ್ಟು ಸಾಕು. ನಮ್ಮಲ್ಲಿ ಒಬ್ಬಳು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನಮಗೆ ರಾತ್ರಿ 8 ಗಂಟೆ ಅಂದರೆ ಅಲ್ಲಿ ಬೇಸಿಗೆಯಲ್ಲಿ ಬೆಳಗಿನ 10:30, ಚಳಿಗಾಲದಲ್ಲಿ 9:30. ಅಲ್ಲಿ ಗಡಿಯಾರ ಬದಲಿಸುವ ವಾರ ಅವಳಿಗೆ ನೆನಪು ಮಾಡುತ್ತೇವೆ.

ವ್ಯಾಪಾರದ ಮಾತು ಬಂದರೆ, ದುಡ್ಡು ಹಾಕುವ ಮೊದಲು ಒಂದು ಕೆಲಸ ಒಟ್ಟಿಗೆ ಮಾಡಿ ನೋಡಿ. ನಾವು ಗೆಳತಿಯ ಮಗಳ ಕುಬಸಕ್ಕೆ (ಸೀಮಂತಕ್ಕೆ) ಬುತ್ತಿ ಕಟ್ಟಿಕೊಟ್ಟೆವು. ಬೆಳಿಗ್ಗೆ ಐದಕ್ಕೆ ಏಳುವವರು ಯಾರು, ಮಧ್ಯಾಹ್ನಕ್ಕೆ ದಣಿಯುವವರು ಯಾರು, ಚೀಟಿಯಲ್ಲಿ ಲೆಕ್ಕ ಬರೆಯುವವರು ಯಾರು ಎಲ್ಲ ಅಲ್ಲೇ ಗೊತ್ತಾಯಿತು. ಇಪ್ಪತ್ತರ ವಯಸ್ಸಿನಲ್ಲಿ ನೋಡಿದ ಗೆಳತಿ ಮತ್ತು ಅರವತ್ತರ ಗೆಳತಿ ಒಂದೇ ಅಲ್ಲ. ಇಬ್ಬರನ್ನೂ ಬಲ್ಲವರಾಗಬೇಕು.

ಮಾಡುವ ಕೆಲಸ ನಿಮ್ಮ ಮೈಗೆ ಒಗ್ಗಬೇಕು. ನಮ್ಮಲ್ಲಿ ಇಬ್ಬರಿಗೆ ಮೊಣಕಾಲು ನೋವು, ಕೂತು ರೊಟ್ಟಿ ಬಡಿಯಲು ಆಗುವುದಿಲ್ಲ. ಅದಕ್ಕೆ ಪಕ್ಕದ ಹಳ್ಳಿಯ ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ, ರೊಟ್ಟಿಗೆ ಇಷ್ಟು ಅಂತ ಕೂಲಿ. ಜೋಳ ಆರಿಸುವುದು ನಮ್ಮ ಕೆಲಸ. ಬಿಳಿ ಹಿಂಗಾರಿ ಜೋಳವೇ ಆಗಬೇಕು, ಮಾಲದಂಡಿ ತಳಿ ಸಿಕ್ಕರೆ ಇನ್ನೂ ಒಳ್ಳೆಯದು. ಹಿಟ್ಟನ್ನು ಬೇಕಾದಷ್ಟೇ ಬೀಸಿಸುತ್ತೇವೆ. ಹಿಟ್ಟು ಹಳತಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ. ಚಟ್ನಿಗೆ ಶೇಂಗಾ ಸಣ್ಣ ಉರಿಯಲ್ಲೇ ಹುರಿಯಬೇಕು. ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ತಾನಾಗಿ ಬಿಡಬೇಕು. ಪೂರ್ತಿ ಆರಿದ ಮೇಲೆಯೇ ಮಿಕ್ಸರಿಗೆ ಹಾಕುವುದು, ಅದೂ ನಿಲ್ಲಿಸಿ ನಿಲ್ಲಿಸಿ. ಬಿಸಿಯಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಬೆಲೆ ಇಡುವಾಗ ನಿಮ್ಮ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆಣ್ಣುಮಕ್ಕಳು ಇಲ್ಲೇ ತಪ್ಪುತ್ತಾರೆ. ಶೇಂಗಾ, ಮೆಣಸಿನಕಾಯಿ, ಗ್ಯಾಸ್, ಚೀಲ, ಕೂಲಿ ಎಲ್ಲ ಬರೆದು ತಮ್ಮ ಗಂಟೆಗಳನ್ನು ಬಿಟ್ಟುಬಿಡುತ್ತಾರೆ. "ಮನೆಯಲ್ಲಿ ಸುಮ್ನೆ ಇರ್ತೀವಲ್ಲ" ಅಂತ ಹೇಳುವುದು ಬೇಡ. ನಿಮ್ಮ ಕೈಗೆ ಕೂಲಿ ಇಲ್ಲದ ಬೆಲೆಗೆ ಮಾರಿದರೆ, ನಾಳೆ ನಿಮ್ಮ ಬದಲು ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಲೂ ಆಗುವುದಿಲ್ಲ.

ಈಗ ಕಾಗದ ಪತ್ರ. ನಾನು ಬ್ಯಾಂಕಿನಲ್ಲಿದ್ದಾಗ ಗೆಳೆತನದ ಮೇಲೆ ಬಾಯಿಮಾತಿನಲ್ಲಿ ಶುರುವಾದ ವ್ಯಾಪಾರಗಳು ಹೇಗೆ ಮುರಿಯುತ್ತವೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಗಬಾರದು ಅಂದರೆ ಪಾಲುದಾರಿಕೆ ಪತ್ರ ಬರೆಸಿ. ಬರೆಯದೇ ಬಿಟ್ಟರೆ 1932ರ ಪಾಲುದಾರಿಕೆ ಕಾಯ್ದೆ ತಾನೇ ಕೆಲವನ್ನು ತೀರ್ಮಾನಿಸುತ್ತದೆ. ಲಾಭ, ನಷ್ಟ ಎಲ್ಲರಿಗೂ ಸಮ. ಯಾರು ಎಷ್ಟೇ ದುಡಿದರೂ ಸಂಬಳ ಇಲ್ಲ. ನಮ್ಮ ವಯಸ್ಸಿನವರಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಒಬ್ಬ ಪಾಲುದಾರರು ತೀರಿಕೊಂಡರೆ ಸಂಸ್ಥೆಯೇ ಮುಗಿಯುತ್ತದೆ. ಹಾಗಾಗಿ "ಒಬ್ಬರು ಹೋದರೂ ಉಳಿದವರು ಮುಂದುವರಿಸುತ್ತಾರೆ, ಅವರ ಪಾಲಿನ ದುಡ್ಡು ಇಷ್ಟು ತಿಂಗಳೊಳಗೆ ಮನೆಯವರಿಗೆ ಸೇರುತ್ತದೆ" ಎನ್ನುವ ಸಾಲು ಇರಲೇಬೇಕು. ಇದನ್ನು ಮಾತಾಡಲು ಸಂಕೋಚ ಆಗುತ್ತದೆ, ಗೊತ್ತು. ಆದರೂ ಎಲ್ಲರೂ ಆರೋಗ್ಯವಾಗಿದ್ದಾಗಲೇ ಮಾತಾಡಿ.

ಪತ್ರ ಬರೆಸಿದ ಮೇಲೆ ಸಂಸ್ಥೆಯನ್ನು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿ ಕಡ್ಡಾಯ ಅಲ್ಲ, ಆದರೆ ಅದಿಲ್ಲದೆ ಬಾಕಿ ಉಳಿಸಿಕೊಂಡ ಅಂಗಡಿಯವರ ಮೇಲೆ ಸಂಸ್ಥೆ ದಾವೆ ಹೂಡಲು ಆಗುವುದಿಲ್ಲ. ಇನ್ನೊಂದು ಮಾತು: ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ಸಾಲ ಮಾಡುವಷ್ಟು ವ್ಯಾಪಾರ ಬೆಳೆದರೆ ಎಲ್‌ಎಲ್‌ಪಿ (ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಮಾಡುವ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿ. ಅಲ್ಲಿಯವರೆಗೆ ಸಾಲವೇ ಬೇಡ. ಎಲ್ಲರೂ ಸಮನಾಗಿ, ಪೂರ್ತಿ ಹೋದರೂ ಊಟಕ್ಕೆ, ಔಷಧಿಗೆ ತೊಂದರೆಯಾಗದಷ್ಟೇ ಹಾಕಿ. ನಿವೃತ್ತಿಯಲ್ಲಿ ಬಂದ ಇಡಿಗಂಟು, ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟ ದುಡ್ಡು ಮುಟ್ಟಲೇಬಾರದು. ಸರ್ಕಾರಿ ನೌಕರಿಯಿಂದ ಬಂದವರು ವ್ಯಾಪಾರಕ್ಕೆ ಏನಾದರೂ ತಡೆ ಇದೆಯೇ ಅಂತ ತಮ್ಮ ಪಿಂಚಣಿ ನಿಯಮ ಒಮ್ಮೆ ಓದಿಕೊಳ್ಳಲಿ.

ತಿನ್ನುವ ವಸ್ತು ಮಾರಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಬೇಕು. ಅದರ 14 ಅಂಕಿಯ ನಂಬರ್, ಬಳಸಿದ ಸಾಮಾನು, ತೂಕ, ತಯಾರಿಸಿದ ದಿನ, ಎಷ್ಟು ದಿನ ಬರುತ್ತದೆ, ಸಸ್ಯಾಹಾರದ ಹಸಿರು ಗುರುತು ಇವೆಲ್ಲ ಚೀಲದ ಮೇಲೆ ಇರಲಿ. ಶೇಂಗಾ ಅಲರ್ಜಿ ತರುವ ವಸ್ತು, ಅದನ್ನೂ ಬರೆಯಬೇಕು. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವವರಿಗೆ ಕೊಡಬೇಡಿ.

ಲೆಕ್ಕದ ಪುಸ್ತಕ ಒಬ್ಬಳ ಕೈಯಲ್ಲಿ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ತಿಂಗಳ ಲೆಕ್ಕದ ಫೋಟೊ ಎಲ್ಲರಿಗೂ ಹೋಗಬೇಕು. ಆದರೆ ಹಳೇ ಗ್ರೂಪಿಗೆ ಅಲ್ಲ, ವ್ಯಾಪಾರಕ್ಕೇ ಬೇರೆ ಗ್ರೂಪ್ ಇರಲಿ. ವ್ಯಾಪಾರದಲ್ಲಿ ಇಲ್ಲದ ಗೆಳತಿಯರು ನಮ್ಮ ಗಿರಾಕಿಗಳಲ್ಲ, ತಿಂಗಳ ಆ ಒಂದು ಗಂಟೆಯಲ್ಲಿ ಚಟ್ನಿಯ ಸುದ್ದಿ ತೆಗೆಯಬಾರದು ಅಂತ ನಾವು ಮಾತಾಡಿಕೊಂಡಿದ್ದೇವೆ.

ಬಿಡಬೇಕು ಅನ್ನಿಸಿದವಳಿಗೆ ದಾರಿ ಸಲೀಸಾಗಿರಲಿ. ಮೊಮ್ಮಗು ಬರುತ್ತದೆ, ಗಂಡನಿಗೆ ಆಪರೇಷನ್ ಆಗುತ್ತದೆ, ಸುಮ್ನೆ ಸಾಕು ಅನ್ನಿಸಿಯೂ ಬಿಡಬಹುದು. ಮೂರು ತಿಂಗಳ ಮುಂಚೆ ಹೇಳುವುದು, ಆ ವರ್ಷದ ಲೆಕ್ಕ ಮುಗಿಸಿ ಹಾಕಿದ ದುಡ್ಡು, ಲಾಭದ ಪಾಲು ಕೊಡುವುದು, ಮಿಕ್ಸರ್, ತೂಕದ ಯಂತ್ರದ ಬೆಲೆ ಎಷ್ಟು ಅಂತ ಎಲ್ಲರೂ ಕೂತು ಒಪ್ಪುವುದು, ಇದನ್ನೂ ಪತ್ರದಲ್ಲಿ ಬರೆಸಿ. ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ ಅನ್ನುವುದನ್ನೂ ಸೇರಿಸಿ.