ಕಣ್ಣು ಮುಚ್ಚಿಸುವುದನ್ನು ಬಿಟ್ಟ ಮೇಲೆ

ಐದನೇ ತರಗತಿಯ ಮಕ್ಕಳನ್ನು ನಾನು ಮೊದಲ ಸಲ ಧ್ಯಾನಕ್ಕೆ ಕೂರಿಸಿದ್ದು ಹತ್ತು ನಿಮಿಷ. ಬೆನ್ನು ನೆಟ್ಟಗಿರಲಿ, ಕಣ್ಣು ಮುಚ್ಚಿ, ಮನಸ್ಸು ಖಾಲಿ ಮಾಡಿ ಎಂದೆ. ಎರಡನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು, ಮೂರನೆಯದಕ್ಕೆ ಯಾರೋ ಯಾರದೋ ಜಡೆ ಎಳೆದ ಗಲಾಟೆ. ಗದರಿದೆ. ತರಗತಿ ಗಪ್‌ಚುಪ್ ಆಯಿತು. ಆದರೆ ಅದು ಹೆದರಿಕೆಯ ಮೌನ. ಅಂಥ ಮೌನವನ್ನು ಗದರಿಕೆಯಿಂದ ಯಾವ ತರಗತಿಯಲ್ಲಾದರೂ ತರಬಹುದು, ಅದಕ್ಕೆ ಧ್ಯಾನ ಬೇಕಿಲ್ಲ.

‘ಮನಸ್ಸು ಖಾಲಿ ಮಾಡಿ’ ಎಂದದ್ದು ನನ್ನ ದೊಡ್ಡ ತಪ್ಪು. ಮನಸ್ಸು ಖಾಲಿಯಾಗುವುದಿಲ್ಲ, ಓಡುತ್ತದೆ. ಓಡಿಹೋದದ್ದು ಯಾವಾಗಲೋ ಗೊತ್ತಾಗುತ್ತದೆ, ಆಗ ಮೆಲ್ಲಗೆ ಕರೆದುಕೊಂಡು ಬರುತ್ತೇವೆ. ನೂರು ಸಲ ಓಡಿದರೆ ನೂರು ಸಲ ಕರೆತರುವುದೇ ಅಭ್ಯಾಸ. ಇದನ್ನು ತಿಳಿಸದೆ ಕೂರಿಸಿದರೆ, ಚುರುಕು ಮಕ್ಕಳು ಐದೇ ನಿಮಿಷದಲ್ಲಿ ‘ನನ್ನ ಕೈಲಿ ಆಗಲ್ಲ’ ಎಂದು ತೀರ್ಮಾನ ಮಾಡಿಬಿಡುತ್ತಾರೆ.

ಮುಂದಿನ ವಾರ ಒಂದು ಪುಟ್ಟ ಗಂಟೆ ತೆಗೆದುಕೊಂಡು ಹೋದೆ. ಒಂದೇ ಸಲ ಬಾರಿಸುತ್ತೇನೆ, ಸದ್ದು ಪೂರ್ತಿ ಕರಗಿತು ಅನ್ನಿಸಿದಾಗ ಕೈ ಎತ್ತಿ ಎಂದೆ. ಅಷ್ಟೇ. ಅರ್ಧ ನಿಮಿಷವೂ ಆಗಲಿಲ್ಲ. ಕೈಗಳು ಒಂದೊಂದಾಗಿ ಎದ್ದವು, ಕೊನೆಯ ಕೈ ಏಳುವ ಹೊತ್ತಿಗೆ ಇಡೀ ಕೋಣೆ ಕಿವಿಯಾಗಿತ್ತು. ‘ಮಿಸ್, ಗಂಟೆ ನಿಂತ ಮೇಲೆ ಫ್ಯಾನ್ ಸದ್ದು ಕೇಳಿಸ್ತು, ಮೊದಲು ಇರ್ಲಿಲ್ಲ’ ಎಂದಳು ಒಬ್ಬಳು. ಫ್ಯಾನ್ ಬೆಳಗಿನಿಂದ ತಿರುಗುತ್ತಲೇ ಇತ್ತು. ಮೈಂಡ್‌ಫುಲ್‌ನೆಸ್ (ಈ ಕ್ಷಣ ನಡೆಯುತ್ತಿರುವುದನ್ನು ಎಚ್ಚರದಿಂದ ಗಮನಿಸುವ ಅಭ್ಯಾಸ) ಅಂದರೇನು ಎಂದು ನಾನು ಕೊಡಬೇಕಿದ್ದ ವಿವರಣೆಯನ್ನೆಲ್ಲ ಆ ಹುಡುಗಿ ಒಂದು ಮಾತಿನಲ್ಲಿ ಮುಗಿಸಿದ್ದಳು.

ಉಸಿರಿನ ವಿಷಯಕ್ಕೆ ಬಂದಾಗ ಉಪದೇಶ ಬಿಟ್ಟು ನಾಡಿ ಹಿಡಿಸಿದೆ. ಮೈದಾನದಲ್ಲಿ ಒಂದು ಸುತ್ತು ಓಡಿಬಂದು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಕೂರುವುದು. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗುತ್ತದೆ, ಹೊರಬಿಡುವಾಗ ನಿಧಾನವಾಗುತ್ತದೆ. ಮಕ್ಕಳಲ್ಲಿ ಈ ವ್ಯತ್ಯಾಸ ಬೆರಳಿಗೆ ಸಿಗುವಷ್ಟು ಸ್ಪಷ್ಟವಾಗಿರುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಬಡಿತಕ್ಕೆ ಕಡಿವಾಣ ಹಾಕುತ್ತದೆ, ಉಸಿರು ಬಿಡುವಾಗ ಆ ಹಿಡಿತ ಬಿಗಿಯಾಗುತ್ತದೆ. ಹಾಗಾಗಿ ನಾಲ್ಕು ಎಣಿಸುತ್ತ ಎಳೆದುಕೊಂಡು ಆರು ಎಣಿಸುತ್ತ ಬಿಡುವುದನ್ನು ರೂಢಿ ಮಾಡಿಸಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಬೆರಳಡಿಯಲ್ಲೇ ಉತ್ತರ ಇತ್ತಲ್ಲ.

ಒಬ್ಬ ಹುಡುಗ ಮಾತ್ರ ಎಷ್ಟು ಹೇಳಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ಹಟ ಅಂದುಕೊಂಡಿದ್ದೆ. ಒಂದು ದಿನ ಪಕ್ಕಕ್ಕೆ ಕರೆದು ಕೇಳಿದೆ. ‘ಮುಚ್ಚಿದ್ರೆ ಭಯ ಆಗತ್ತೆ ಮಿಸ್’ ಎಂದ. ಅವನ ಮನೆಯ ಪರಿಸ್ಥಿತಿ ಆಮೇಲೆ ತಿಳಿಯಿತು. ಅಂದಿನಿಂದ ‘ಕಣ್ಣು ಮುಚ್ಚಿ’ ಎನ್ನುವ ಮಾತೇ ನನ್ನ ತರಗತಿಯಲ್ಲಿಲ್ಲ. ಬೇಕಾದವರು ಮುಚ್ಚಬಹುದು, ಉಳಿದವರು ಅಂಗೈಯಲ್ಲಿರುವ ಕಲ್ಲನ್ನೋ ನೆಲವನ್ನೋ ನೋಡುತ್ತಿರಬಹುದು, ಬೇಡ ಅನ್ನಿಸಿದವರು ಸುಮ್ಮನೆ ಚಿತ್ರ ಬರೆಯಬಹುದು. ನೋವುಂಡ ಮಗುವಿಗೆ ಮೌನದಲ್ಲಿ ಆ ನೋವೇ ಎದ್ದು ಬರಬಹುದು. ಅಂಥ ಮಗುವಿಗೆ ಬೇಕಾದದ್ದು ಆಪ್ತಸಮಾಲೋಚಕರ ನೆರವು, ಇನ್ನೂ ಐದು ನಿಮಿಷದ ಧ್ಯಾನವಲ್ಲ. ಶಿಕ್ಷಕರು ಇದನ್ನು ಮೊದಲ ದಿನವೇ ತಿಳಿದಿರಬೇಕು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಪ್ರಯೋಜನ ಏನು ಎಂದು ಪೋಷಕರು ಕೇಳುತ್ತಾರೆ. ಒಂದು ಮಧ್ಯಾಹ್ನ ಜಗಳ ಮಾಡಿಕೊಂಡು ಬಂದವಳೊಬ್ಬಳು ತಾನಾಗಿಯೇ ಹೇಳಿದಳು: ‘ಹೊಡೆಯೋಕೆ ಕೈ ಎತ್ತಿದಾಗ ಕಿವಿ ಬಿಸಿಯಾಗಿದ್ದು ಗೊತ್ತಾಯ್ತು ಮಿಸ್.’

‘ಆಮೇಲೆ?’

‘ಆಮೇಲೂ ಹೊಡೆದೆ. ಆದ್ರೆ ಮೆತ್ತಗೆ.’

ನನಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ಆವೇಶಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹತ್ತು ವರ್ಷದ ಮಗು ಕೋಪ ಮೈಯಲ್ಲಿ ಏರುವುದನ್ನು ಅದು ಏರುತ್ತಿರುವಾಗಲೇ ಕಂಡಿತು ಎಂದರೆ ಅದು ಸಣ್ಣ ಮಾತಲ್ಲ. ಪರೀಕ್ಷೆಯ ದಿನ ಹೊಟ್ಟೆ ಹಿಂಡಿದಂತಾದಾಗ ‘ಇದು ಭಯ’ ಎಂದು ಗುರುತಿಸುವುದು, ರಾತ್ರಿ ನಿದ್ದೆ ಬಾರದಿದ್ದರೆ ಉಸಿರು ಎಣಿಸುವುದು, ಇಂಥವನ್ನೂ ಮಕ್ಕಳು ಬಂದು ಹೇಳಿದ್ದಾರೆ. ಹೆಚ್ಚು ಅಂಕ ಬರುತ್ತದೆ, ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಕೊಡದಿರಲು ಕಾರಣವಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಝಿನ್ ಎಂಬ ವಿಜ್ಞಾನಿ ಈ ಅಭ್ಯಾಸವನ್ನು ಕೆಲವು ವಾರಗಳ ತರಬೇತಿಯಾಗಿ ಆಸ್ಪತ್ರೆಗೆ ತಂದಾಗ, ಬಂದವರು ದೊಡ್ಡವರು, ನೋವು ತಾಳಲಾರದೆ ತಾವಾಗಿ ಬಂದವರು. ಶಾಲೆಯ ಮಕ್ಕಳು ಹಾಗಲ್ಲ, ವೇಳಾಪಟ್ಟಿಯಲ್ಲಿ ಇದೆ ಎಂದು ಕೂತವರು. 2022ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. 8,000ಕ್ಕೂ ಹೆಚ್ಚು ಮಕ್ಕಳು, 11ರಿಂದ 13 ವರ್ಷದವರು. ಮೈಂಡ್‌ಫುಲ್‌ನೆಸ್ ಪಾಠ ಕಲಿತವರ ಮಾನಸಿಕ ಆರೋಗ್ಯ ಉಳಿದವರಿಗಿಂತ ಉತ್ತಮವಾಗಲಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿದವರೂ ಕಡಿಮೆ. ಓದಿ ಮೊದಲು ಬೇಸರವಾಯಿತು. ಆಮೇಲೆ ನನ್ನ ಮೊದಲ ದಿನದ ಹತ್ತು ನಿಮಿಷ ನೆನಪಾಯಿತು. ಮಗು ಒಪ್ಪದೆ ಇದು ಒಳಗಿಳಿಯುವುದಿಲ್ಲ, ನಾವು ದಿನವೂ ಅವರ ಜೊತೆ ಕೂರದಿದ್ದರೆ ಮಕ್ಕಳು ಒಪ್ಪುವುದೂ ಇಲ್ಲ.

ಈಗ ನಾನೂ ಅವರ ಜೊತೆಗೇ ನೆಲದ ಮೇಲೆ ಕೂರುತ್ತೇನೆ. ದಿನಕ್ಕೆ ಮೂರು ನಿಮಿಷ, ಊಟದ ಬಿಡುವು ಮುಗಿಸಿ ಏದುಸಿರು ಬಿಡುತ್ತ ಬಂದ ಹೊತ್ತಿಗೆ. ಯಾರನ್ನೂ ಶಿಕ್ಷೆಯಾಗಿ ಕೂರಿಸುವುದಿಲ್ಲ. ಗಂಟೆ ಬಾರಿಸುವ ಕೆಲಸ ಸರದಿಯ ಪ್ರಕಾರ ಮಕ್ಕಳದೇ. ರಜೆ ಕಳೆದು ಬಂದಾಗ ಎಲ್ಲ ಮರೆತಿರುತ್ತಾರೆ. ಆಗ ಮತ್ತೆ ಗಂಟೆಯಿಂದ, ಅರ್ಧ ನಿಮಿಷದಿಂದ ಶುರು ಮಾಡುತ್ತೇವೆ.